ಮನೆಯ ಪ್ರಾರ್ಥನೆಗೊಂದು ಸ್ವರಪೆಟ್ಟಿಗೆ

ಈಚಿನ ವರ್ಷಗಳಲ್ಲಿ ಶರಣ ಬಂಧುಗಳು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದುಂಟು. ಅದು ಷಟ್‌ಸ್ಥಲಕ್ಕೆ ಸಂಬಂಧಿಸಿದ್ದಲ್ಲ, ಇಷ್ಟಲಿಂಗ ಪೂಜೆಯ ವಿಧಿಗೆ ಸಂಬಂಧಿಸಿದ್ದೂ ಅಲ್ಲ. ಮನೆಯಲ್ಲಿ ಮಕ್ಕಳು ವಚನ ಹಾಡಲು ಕಲಿಯುತ್ತಿದ್ದಾರೆ, ಅವರಿಗೆ ಹಾರ್ಮೋನಿಯಂ ಕೊಡಿಸೋಣವೋ ಕೀಬೋರ್ಡ್ ಕೊಡಿಸೋಣವೋ ಎಂಬುದು ಆ ಪ್ರಶ್ನೆ. ಮಠದಲ್ಲಿ ಓದಿದವರಿಗೆ ಎಲ್ಲವೂ ತಿಳಿದಿರುತ್ತದೆಂಬ ನಂಬಿಕೆ ನಮ್ಮ ಭಾಗದ ಸದ್ಭಕ್ತರಲ್ಲಿ ಇನ್ನೂ ಉಳಿದಿದೆ. ಹೊಲದಲ್ಲಿ ಬೋರು ಎಲ್ಲಿ ಕೊರೆಸಬೇಕೆಂದು ಕೇಳುವವರೂ ಉಂಟು. ಅಂಥ ಪ್ರಶ್ನೆಗಳಿಗೆ ನಾವು ಕೈಮುಗಿದು ಸುಮ್ಮನಾಗುತ್ತೇವೆ. ಆದರೆ ಈ ಸ್ವರಪೆಟ್ಟಿಗೆಯ ಪ್ರಶ್ನೆಗೆ ನಮ್ಮಲ್ಲಿ ಅಷ್ಟಿಷ್ಟು ಉತ್ತರವಿದೆ. ಮಠದಲ್ಲಿ ವ್ಯಾಕರಣ, ವಚನ ಸಾಹಿತ್ಯಗಳ ಜೊತೆಗೆ ಪೇಟಿಯ ತಿದಿ ಒತ್ತುವುದನ್ನೂ ಕಲಿತವರು ನಾವು. ಅದಕ್ಕಿಂತ ಮಿಗಿಲಾಗಿ, ಕಳೆದ ವರ್ಷ ನಮ್ಮ ಮನೆಯಲ್ಲಿಯೇ ಈ ಪ್ರಶ್ನೆ ಎದ್ದು, ಅದಕ್ಕೊಂದು ಪರಿಹಾರ ಕಾಣಬೇಕಾಯಿತು.

ನಮ್ಮ ಸೊಸೆ ಹುಮನಾಬಾದಿನ ಮಗಳು. ಆಕೆಯ ತಂದೆ ಒಳ್ಳೆಯ ಪೇಟಿ ವಾದಕರಾಗಿದ್ದರು. ಶ್ರಾವಣ ಮಾಸದ ಪ್ರವಚನಗಳಿಗೆ ಊರೂರಿಗೆ ಹೋಗಿ ಸಾಥ್ ನೀಡುತ್ತಿದ್ದರು. ಅವರ ಮಗ್ಗುಲಲ್ಲಿ ಕುಳಿತೇ ಆಕೆ ಹತ್ತಾರು ರಾಗಗಳನ್ನೂ ಅರುವತ್ತು ಎಪ್ಪತ್ತು ವಚನಗಳ ಧಾಟಿಯನ್ನೂ ಕಲಿತಿದ್ದಳು. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದ ಮೇಲೆ ಹದಿನಾರು ವರ್ಷ ಆ ಹಾಡು ಅಡುಗೆಮನೆಯ ಗುನುಗಾಗಿ ಉಳಿಯಿತು. ತಂದೆ ಲಿಂಗೈಕ್ಯರಾದರು, ಅವರ ಪೇಟಿ ತವರುಮನೆಯ ಅಟ್ಟ ಸೇರಿತು. ಹೀಗಿರಲು ನಮ್ಮ ಓಣಿಯ ಅಕ್ಕನ ಬಳಗದ ತಾಯಂದಿರು ಒಂದು ಸಂಜೆ ಮನೆಗೆ ಬಂದರು. ಅವರ ವಾರದ ಪ್ರಾರ್ಥನೆಗೆ ಶ್ರುತಿ ಹಿಡಿಯುವವರಿಲ್ಲ. ಒಬ್ಬರು ಏರುದನಿಯಲ್ಲಿ ಆರಂಭಿಸಿದರೆ ವಯಸ್ಸಾದವರಿಗೆ ಮುಟ್ಟದು, ಇನ್ನೊಬ್ಬರು ತಗ್ಗಿಸಿದರೆ ಎಳೆಯರಿಗೆ ಸಿಗದು. ಮೂರನೆಯ ವಚನದ ಹೊತ್ತಿಗೆ ಅರ್ಧ ಜನ ತುಟಿಯಲ್ಲಿ ಮಾತ್ರ ಹಾಡುತ್ತಾರೆ. ಹೀಗೇ ನಡೆದರೆ ಪ್ರಾರ್ಥನೆ ನಿಂತೇಹೋದೀತೆಂಬ ಆತಂಕ ಅವರಿಗಿತ್ತು. ಸೊಸೆ ಮುಂದೆ ಕುಳಿತು ಸ್ವರ ಹಿಡಿಯಬೇಕೆಂದು ಕೇಳಿಕೊಂಡರು. ಅದೇ ವೇಳೆಗೆ ಹತ್ತು ವರ್ಷದ ನಮ್ಮ ಮೊಮ್ಮಗಳಿಗೂ ಶಾಲೆಯಲ್ಲಿ ವಚನಗಾಯನದ ಹುಚ್ಚು ಹತ್ತಿತ್ತು.

ಸೊಸೆ ಮನೆಯಲ್ಲಿಯೇ ಹೊಲಿಗೆಯ ಕಾಯಕ ಮಾಡುತ್ತಾಳೆ. ಕುಪ್ಪಸ ಹೊಲಿದು ಕೂಡಿಸಿದ ₹೧೧,೦೦೦ ಆಕೆಯ ಹತ್ತಿರ ಇತ್ತು. ಮಗ ತಾನು ಕೊಡುತ್ತೇನೆಂದ, ನಾವೂ ಮುಂದಾದೆವು. ಆಕೆ ಒಪ್ಪಲಿಲ್ಲ. “ಇದು ನನ್ನ ಕೈಯಿಂದ ಗಳಿಸಿದ ರೊಕ್ಕ ಅದರಿ, ಮಾವಾರೇ. ಇದರಾಗ ಏನು ಬರ್ತದ, ಅಷ್ಟೇ ಸಾಕು” ಎಂದಳು. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವ ಮಾತನ್ನು ನಾವು ವೇದಿಕೆಯ ಮೇಲೆ ನೂರು ಸಲ ಆಡಿದ್ದೇವೆ. ಆಕೆ ಒಂದೇ ಸಲ ಆಡಿದಳು. ಅಲ್ಲಿಗೆ ನಮ್ಮ ಹುಡುಕಾಟದ ಗಡಿ ನಿಗದಿಯಾಯಿತು.

ಮೊದಲು ನೋಡಬೇಕಾದದ್ದು ತವರಿನ ಪೇಟಿಯನ್ನೇ ಅಲ್ಲವೇ? ಮೂವರೂ ಬಸ್ಸು ಹತ್ತಿ ಹುಮನಾಬಾದಿಗೆ ಹೋದೆವು. ಸಂಗೀತದ ಮಟ್ಟಿಗೆ ಹುಮನಾಬಾದು ಸಾಮಾನ್ಯ ಊರಲ್ಲ. ಊರಿಗೆ ಅಂಟಿಕೊಂಡ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (೧೮೧೭–೧೮೬೫) ಸಂಸ್ಥಾನವಿದೆ. ಅವರು ಮರಾಠಿ, ಕನ್ನಡ, ಹಿಂದಿ ಮೊದಲಾದ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದವರು. ದತ್ತ ಜಯಂತಿಯ ಉತ್ಸವದಲ್ಲಿ ಅಲ್ಲಿ ಸಂಗೀತ ದರ್ಬಾರು ನಡೆಯುತ್ತ ಬಂದಿದೆ. ಸಂಪ್ರದಾಯ ಬೇರೆಯಾದರೂ ಆ ಪರಿಸರದ ಕಿವಿ ಇಡೀ ಊರಿಗೆ ದೊರಕಿದೆ. ವೀರಭದ್ರೇಶ್ವರ ಜಾತ್ರೆಯಲ್ಲಿ ಬೆಂಡು ಬತ್ತಾಸು ಮಾರುವವನೂ ಹಾಡು ಅಪಸ್ವರವಾದರೆ ತಲೆಯೆತ್ತಿ ನೋಡುತ್ತಾನೆ.

ಅಟ್ಟದಿಂದ ಇಳಿಸಿದ ಪೇಟಿಯ ಸ್ಥಿತಿ ಮಾತ್ರ ಮರುಕ ಹುಟ್ಟಿಸುವಂತಿತ್ತು. ತಿದಿಯ ಮಡಿಕೆಗಳನ್ನು ಇಲಿ ಕಡಿದಿತ್ತು. ೪೨ ಮನೆಗಳಲ್ಲಿ ಒಂಬತ್ತು ಮೂಕವಾಗಿದ್ದವು, ಎರಡು ಒತ್ತದೆಯೇ ಕೂಗುತ್ತಿದ್ದವು. ದುರಸ್ತಿ ಮಾಡುವವರು ಆರು ಸಾವಿರ ರೂಪಾಯಿ, ಎರಡು ತಿಂಗಳು ಎಂದರು. ಅವರು ಹೇಳಿದ ದರ ಅನ್ಯಾಯದ್ದಲ್ಲ. ಹಿತ್ತಾಳೆಯ ಸ್ವರನಾಲಿಗೆಗಳನ್ನು ಒಂದೊಂದಾಗಿ ಕೆರೆದು ಶ್ರುತಿಗೆ ತರುವುದು ಕಣ್ಣು ಕಿವಿಗಳೆರಡನ್ನೂ ಬೇಡುವ ಕಾಯಕ, ಅದನ್ನು ಬಲ್ಲವರು ನಮ್ಮ ಜಿಲ್ಲೆಯಲ್ಲಿ ವಿರಳ. ಸೊಸೆ ಪೇಟಿಯ ಮುಚ್ಚಳದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಮತ್ತೆ ಬಟ್ಟೆ ಸುತ್ತಿ ಅಣ್ಣನ ಕೈಗೆ ಕೊಟ್ಟಳು. ಅಪ್ಪನ ಪೇಟಿಯನ್ನು ಮುಂದೊಂದು ದಿನ ಸರಿಪಡಿಸಬೇಕು, ಈಗ ಬೇಕಾದುದು ಬೇರೆಯೆಂದು ಆಕೆಯೇ ತೀರ್ಮಾನಿಸಿದಳು. ಆ ತೀರ್ಮಾನಕ್ಕೆ ಕಾರಣವೂ ಇತ್ತು, ಅದನ್ನು ಮುಂದೆ ಹೇಳುತ್ತೇವೆ.

ಅಂಗಡಿಗೆ ಹೋದೆವು. ಅಲ್ಲಿಯ ತರುಣ ಬಲು ಉತ್ಸಾಹಿ. ಮೊಮ್ಮಗಳನ್ನು ಕಂಡೊಡನೆ ಒಂದು ಗುಂಡಿ ಒತ್ತಿದ, ವಾದ್ಯ ತಾನಾಗಿಯೇ ಒಂದು ಇಂಗ್ಲಿಷ್ ಹಾಡನ್ನು ನುಡಿಸತೊಡಗಿತು. ಇನ್ನೊಂದು ಗುಂಡಿ ಒತ್ತಿದರೆ ನಾಯಿ ಬೊಗಳಿತು. ಹುಡುಗಿ ಕುಣಿದಾಡಿದಳು. “ಇದರಾಗ ನಾನ್ನೂರು ಆವಾಜು ಅವ ನೋಡ್ರಿ, ಅಯ್ಯನೋರೆ” ಎಂದು ಅವನು ನಮ್ಮ ಕಡೆ ತಿರುಗಿದ. ವಚನ ಹಾಡುವವರಿಗೆ ನಾನ್ನೂರರಲ್ಲಿ ಬೇಕಾಗುವುದು ಒಂದು, ಹೆಚ್ಚೆಂದರೆ ಎರಡು. ಈ ಸಂಖ್ಯೆಗಳಿಗೆ ಬೆರಗಾಗಿ ಹಣ ತೆತ್ತ ಮನೆಗಳನ್ನು ನಾವು ಕಂಡಿದ್ದೇವೆ. ಹಾಗೆ ಕೊಂಡ ವಾದ್ಯ ಮೂರು ತಿಂಗಳಲ್ಲಿ ಮಂಚದ ಕೆಳಗೆ ಸೇರುತ್ತದೆ. ನಾಯಿ ಎಷ್ಟು ದಿನ ಬೊಗಳೀತು?

ಮೊದಲು ನೋಡಬೇಕಾದುದು ಮನೆಗಳ ಅಗಲವನ್ನು. ನಾಲ್ಕು ಸಾವಿರದ ಆಸುಪಾಸಿನಲ್ಲಿ ಸಿಗುವ ಸಣ್ಣ ಕೀಬೋರ್ಡುಗಳಲ್ಲಿ ೩೨ ಅಥವಾ ೩೭ ಮನೆಗಳಿರುತ್ತವೆ. ೩೭ ಎಂದರೆ ಮೂರು ಸಪ್ತಕ. ಸಾಮಾನ್ಯ ಹಾರ್ಮೋನಿಯಂಗೂ ಇರುವುದು ೩೯ ಅಥವಾ ೪೨ ಮನೆಗಳೇ. ಆದ್ದರಿಂದ ಸಂಖ್ಯೆಯಲ್ಲಿ ಕೊರತೆಯೇನೂ ಇಲ್ಲ. ಕೊರತೆ ಇರುವುದು ಅಗಲದಲ್ಲಿ. ಆ ಮನೆಗಳು ಎಳೆಯ ಬೆರಳಿಗೆಂದು ಕಿರಿದಾಗಿಸಿದವು. ಅದರ ಮೇಲೆ ಕೈ ಪಳಗಿದ ಮಗು ನಾಳೆ ಬೇರೊಂದು ವಾದ್ಯದ ಮುಂದೆ ಕುಳಿತರೆ ಬೆರಳು ತಪ್ಪುತ್ತದೆ, ತಾಯಿಯಂತೂ ನುಡಿಸಲಾರಳು. ನಾವು ಮೊಮ್ಮಗಳ ಕಂಪಾಸಿನ ಡಬ್ಬಿಯಿಂದ ಅಳತೆಪಟ್ಟಿ ತೆಗೆದುಕೊಂಡು ಹೋಗಿದ್ದೆವು. ಪೂರ್ಣ ಗಾತ್ರದ ವಾದ್ಯದಲ್ಲಿ ಒಂದರ ಪಕ್ಕದಲ್ಲೊಂದಿರುವ ಏಳು ಬಿಳಿ ಮನೆಗಳ ಅಗಲ ಸುಮಾರು ಹದಿನಾರೂವರೆ ಸೆಂಟಿಮೀಟರ್ ಇರಬೇಕು. ಅದಕ್ಕಿಂತ ಎದ್ದು ಕಾಣುವಷ್ಟು ಕಡಿಮೆಯಿದ್ದರೆ ಅದು ಆಟಿಕೆಯ ಸಾಲಿನದು. ಅಂಗಡಿಯ ತರುಣ ಅಳತೆಪಟ್ಟಿ ನೋಡಿ ನಕ್ಕ. ನಗಲಿ.

ಪೂರ್ಣ ಗಾತ್ರದಲ್ಲಿ ಹೆಚ್ಚಾಗಿ ದೊರೆಯುವುದು ೬೧ ಮನೆಗಳ, ಅಂದರೆ ಐದು ಸಪ್ತಕಗಳ ವಾದ್ಯ. ಯಮಾಹಾ, ಕ್ಯಾಸಿಯೋ ಸಂಸ್ಥೆಗಳ ಆರಂಭಿಕ ಮಾದರಿಗಳಿಗೆ ನಾವು ವಿಚಾರಿಸಿದಾಗ ಎಂಟರಿಂದ ಹತ್ತು ಸಾವಿರದೊಳಗಿನ ದರ ಹೇಳಿದರು. ಬೆರಳಿನ ಒತ್ತಡಕ್ಕೆ ತಕ್ಕಂತೆ ದನಿ ಏರಿಳಿಯುವ ಸ್ಪರ್ಶಗುಣ ಬೇಕೆಂದರೆ ಇನ್ನೂ ಮೂರು ನಾಲ್ಕು ಸಾವಿರ ಹೆಚ್ಚು. ಅದನ್ನು ಬಿಡಲೇಬಾರದೆಂದು ಅಂಗಡಿಯವರೂ ಕೆಲವು ಬಲ್ಲವರೂ ಹೇಳುತ್ತಾರೆ. ಮಗು ಮುಂದೆ ಪಿಯಾನೋ ಕಲಿತು ಪಾಶ್ಚಾತ್ಯ ಸಂಗೀತದ ಪರೀಕ್ಷೆಗೆ ಕೂರುವುದಾದರೆ ಆ ಮಾತು ನಿಜ. ವಚನಗಾಯನಕ್ಕೆ ಅದರ ಅಗತ್ಯ ನಮಗೆ ಕಾಣಲಿಲ್ಲ. ಹಾರ್ಮೋನಿಯಂನಲ್ಲಿ ಮನೆಯನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಬರುವ ನಾದ ಒಂದೇ, ಏರಿಳಿತ ತಿದಿಯ ಕೈಯಲ್ಲಿದೆ. ಆ ಗುಣವಿಲ್ಲದ ವಾದ್ಯದ ಜೊತೆಗೇ ನಮ್ಮ ಗವಾಯಿಗಳು ನೂರು ವರ್ಷ ಹಾಡಿದ್ದಾರೆ. ಕೈಯಲ್ಲಿರುವುದು ಹನ್ನೊಂದು ಸಾವಿರವಾದಾಗ ಬೇಡದ ಗುಣಕ್ಕೆ ಮೂರು ಸಾವಿರ ಕೊಡುವುದು ವಿವೇಕವಲ್ಲ.

ಹಣ ಕೊಡಬೇಕಾದ ಗುಣ ಬೇರೊಂದಿದೆ, ಅದು ಬಹುತೇಕ ಎಲ್ಲ ಪೂರ್ಣ ಗಾತ್ರದ ಮಾದರಿಗಳಲ್ಲಿಯೂ ಇರುತ್ತದೆ. ಅದರ ಹೆಸರು ಟ್ರಾನ್ಸ್‌ಪೋಸ್. ಪಟ್ಟಿ ಬದಲಿಸುವ ಅನುಕೂಲವೆಂದು ಹೇಳಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಕ್ಕನ ಬಳಗದ ತೊಂದರೆಗೆ ಪರಿಹಾರ ಇದರಲ್ಲಿಯೇ ಇತ್ತು.

ಪ್ರತಿಯೊಬ್ಬರ ಕಂಠಕ್ಕೂ ತನ್ನದೇ ಆದ ಷಡ್ಜವಿದೆ. ಗವಾಯಿಗಳು ಅದನ್ನು ಕಪ್ಪು ಒಂದು, ಕಪ್ಪು ಎರಡು, ಬಿಳಿ ನಾಲ್ಕು ಎಂದು ಮನೆಯ ಹೆಸರಿನಿಂದ ಗುರುತಿಸುತ್ತಾರೆ. ನಮ್ಮ ಗಡಿಭಾಗದಲ್ಲಿ ಮರಾಠಿಯ ಕಾಳಿ, ಪಾಂಢರಿ ಎಂಬ ಮಾತುಗಳೇ ಬಳಕೆಯಲ್ಲಿವೆ. ಗಂಡಸರ ಕಂಠ ಸಾಮಾನ್ಯವಾಗಿ ಪಾಂಢರಿ ಒಂದರಿಂದ ಕಾಳಿ ಎರಡರ ನಡುವೆ ನಿಲ್ಲುತ್ತದೆ, ಹೆಂಗಸರದು ಪಾಂಢರಿ ನಾಲ್ಕು ಐದರಿಂದ ಕಾಳಿ ಐದರವರೆಗೆ. ಪೇಟಿಯಲ್ಲಿ ಷಡ್ಜ ಬದಲಾದರೆ ಬೆರಳಿನ ದಾರಿಯೇ ಬದಲಾಗುತ್ತದೆ. ಪಾಂಢರಿ ಒಂದರಿಂದ ಬಿಲಾವಲ್ ನುಡಿಸುವಾಗ ಬಿಳಿ ಮನೆಗಳ ಮೇಲೆಯೇ ನಡೆದುಹೋಗಬಹುದು. ಕಾಳಿ ಮೂರರಿಂದ ಅದನ್ನೇ ನುಡಿಸಬೇಕೆಂದರೆ ಕರಿ ಮನೆಗಳ ಮೇಲೆ ಹತ್ತಿ ಇಳಿಯಬೇಕು. ಪಳಗಿದ ಪೇಟಿ ಮಾಸ್ತರರಿಗೆ ಅದು ಲೆಕ್ಕವಲ್ಲ. ಹದಿನಾರು ವರ್ಷ ಕೈಬಿಟ್ಟವರಿಗೆ, ಹತ್ತು ವರ್ಷದ ಮಗುವಿಗೆ ಅದೇ ದೊಡ್ಡ ಬೆಟ್ಟ. ಮನೆಸಾಲನ್ನೇ ಸರಿಸುವ ಪೇಟಿಗಳು ಉಂಟು, ಆದರೆ ಅವುಗಳ ಬೆಲೆ ನಮ್ಮ ಗಡಿಯ ಎರಡು ಪಟ್ಟು.

ಕೀಬೋರ್ಡಿನಲ್ಲಿ ಇದು ಒಂದು ಗುಂಡಿಯ ಮಾತು. ಬೆರಳು ಪಾಂಢರಿ ಒಂದರ ದಾರಿಯಲ್ಲಿಯೇ ನಡೆಯಲಿ, ನಾದ ಮಾತ್ರ ಬೇಕಾದಷ್ಟು ಕೆಳಗೆ ಅಥವಾ ಮೇಲೆ ಕೇಳಿಸುತ್ತದೆ. ಒಂದೊಂದು ಸಂಖ್ಯೆ ಬದಲಿಸಿದರೆ ಒಂದೊಂದು ಮನೆ ಸರಿದಂತೆ. ನಮ್ಮ ಮೊಮ್ಮಗಳಿಗೆ ಕಾಳಿ ಐದು ಹಿತವಾಗುತ್ತದೆ, ಆಕೆಗೆ ಮೈನಸ್ ಎರಡು. ತಾಯಿಗೆ ಪಾಂಢರಿ ಐದು, ಮೈನಸ್ ಐದು. ನಮ್ಮ ಮುದಿಗಂಟಲಿಗೆ ಕಾಳಿ ಒಂದು, ಪ್ಲಸ್ ಒಂದು. ಒಂದೇ ವಚನ, ಒಂದೇ ಬೆರಳಿನ ನಡೆ, ಮೂರು ಕಂಠ. ಇದನ್ನು ಸೋಮಾರಿಗಳ ದಾರಿಯೆಂದು ಹಳೆಯ ಸಂಗೀತ ಗುರುಗಳೊಬ್ಬರು ನಮ್ಮೆದುರು ಆಕ್ಷೇಪಿಸಿದರು. ಹನ್ನೆರಡು ಷಡ್ಜಗಳಿಂದಲೂ ನುಡಿಸಲು ಕಲಿಯದವನು ವಾದಕನೇ ಅಲ್ಲವೆಂಬ ಅವರ ಮಾತು ವಾದಕನಾಗಬೇಕೆನ್ನುವವನಿಗೆ ಸರಿಯಾದದ್ದೇ. ಇಲ್ಲಿ ನಮಗೆ ಬೇಕಾದುದು ವಾದಕರಲ್ಲ, ಹಾಡುವವರು. ತನ್ನದಲ್ಲದ ಷಡ್ಜದಲ್ಲಿ ಗಂಟಲು ಹರಿದುಕೊಂಡು ಹಾಡನ್ನೇ ಬಿಟ್ಟ ಎಷ್ಟೋ ಹೆಣ್ಣುಮಕ್ಕಳನ್ನು ನಾವು ಬಲ್ಲೆವು. ಗಂಡಸರ ಶ್ರುತಿಗೆ ಕೂಡಿಸಿದ ಪೇಟಿಯೆದುರು ಕುಳಿತು, “ನಿನಗೆ ದನಿ ಇಲ್ಲ” ಎನ್ನಿಸಿಕೊಂಡವರು ಅವರು.

ಇನ್ನು ನಾದದ ಆಯ್ಕೆ. ಕೀಬೋರ್ಡನ್ನು ಚಾಲೂ ಮಾಡಿದಾಗ ಸಾಮಾನ್ಯವಾಗಿ ಮೊದಲು ಬರುವುದು ಪಿಯಾನೋ ನಾದ. ಅದು ಕೇಳಲು ಇಂಪು, ಆದರೆ ಹುಟ್ಟಿದ ಕ್ಷಣದಿಂದ ಸಾಯತೊಡಗುವ ನಾದ. ಮನೆಯನ್ನು ಒತ್ತಿ ಹಿಡಿದರೂ ಕೆಲವೇ ಕ್ಷಣಗಳಲ್ಲಿ ಕರಗುತ್ತದೆ. ಷಡ್ಜದ ಮೇಲೆ ನಿಂತು ಉಸಿರು ಹಿಡಿದು ಹಾಡುವವರಿಗೆ ಅದು ಆಧಾರವಾಗಲಾರದು. ಒತ್ತಿದಷ್ಟು ಹೊತ್ತೂ ನಿಲ್ಲುವ ಹಾರ್ಮೋನಿಯಂ, ಆರ್ಗನ್ ನಾದಗಳನ್ನು ಆರಿಸಿಕೊಳ್ಳಬೇಕು. ಭಾರತೀಯರಿಗೆಂದೇ ತಬಲಾ, ಹಾರ್ಮೋನಿಯಂ, ತಂಬೂರಿಗಳ ನಾದಗಳನ್ನು ಸೇರಿಸಿದ ಮಾದರಿಗಳನ್ನೂ ಆ ಸಂಸ್ಥೆಗಳು ತಂದಿವೆ, ಬೆಲೆ ತುಸು ಹೆಚ್ಚು. ಇರುವವರು ಕೊಳ್ಳಲಿ. ಇಲ್ಲದವರು ಎಡಗೈಯ ಎರಡು ಬೆರಳಿನಿಂದ ಷಡ್ಜ ಪಂಚಮಗಳನ್ನು ಆರ್ಗನ್ ನಾದದಲ್ಲಿ ಒತ್ತಿ ಹಿಡಿದರೆ ತಂಬೂರಿಯ ಕೆಲಸ ನಡೆಯುತ್ತದೆ. ಪೇಟಿಯಲ್ಲಿ ಈ ಸೌಕರ್ಯವಿಲ್ಲ, ಅಲ್ಲಿ ಎಡಗೈ ತಿದಿಗೆ ಮೀಸಲು. ಶ್ರುತಿಗಾಗಿ ಬೇರೆ ಸಾಧನ ಬೇಕೆಂದರೆ ಬೆಂಗಳೂರಿನ ರಾಡೆಲ್ ಸಂಸ್ಥೆಯ ವಿದ್ಯುನ್ಮಾನ ತಂಬೂರಿ ಎಷ್ಟೋ ಮನೆಗಳಲ್ಲಿದೆ. ಈಗ ಮೊಬೈಲ್ ಫೋನಿನಲ್ಲಿಯೇ ತಂಬೂರಿ ಕೇಳಿಸಿಕೊಳ್ಳಬಹುದು.

ಕೀಬೋರ್ಡ್ ಮನೆಗೆ ಬರುವುದೆಂದಾಗ ಹಿರಿಯರಿಬ್ಬರು ಮೂಗು ಮುರಿದರು. ಪರದೇಶದ ಯಂತ್ರದ ಮುಂದೆ ವಚನ ಹಾಡುವುದೇ, ಹಾರ್ಮೋನಿಯಂ ನಮ್ಮದಲ್ಲವೇ ಎಂಬುದು ಅವರ ವಾದ. ಇದಕ್ಕೆ ಉತ್ತರ ಹೇಳಲು ನಮಗೆ ಬಲು ಸಂತೋಷವಾಯಿತು. ಹಾರ್ಮೋನಿಯಂಗೆ ೧೮೪೨ರಲ್ಲಿ ಪೇಟೆಂಟು ಪಡೆದವನು ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್. ಕಾಲಿನಿಂದ ಗಾಳಿ ತುಂಬುವ ಆ ವಾದ್ಯ ಪಾದ್ರಿಗಳ ಜೊತೆಗೆ ನಮ್ಮ ದೇಶಕ್ಕೆ ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿ ಒತ್ತಿ ನುಡಿಸುವಂತೆ ಮಾರ್ಪಡಿಸಿದರು. ಆಮೇಲೂ ಅದರ ಮೇಲಿನ ಮುನಿಸು ತೀರಲಿಲ್ಲ. ಆಕಾಶವಾಣಿ ೧೯೪೦ರಲ್ಲಿ ಹಾರ್ಮೋನಿಯಂ ನಿಷೇಧಿಸಿತು. ಆ ನಿಷೇಧ ಸಡಿಲವಾದದ್ದು ೧೯೭೧ರಲ್ಲಿ. ನಮ್ಮ ಕಲಬುರಗಿಯ ಆಕಾಶವಾಣಿ ೧೯೬೬ರಲ್ಲಿ ಆರಂಭವಾದಾಗಲೂ ಪೇಟಿಗೆ ಅಲ್ಲಿ ಮಣೆಯಿರಲಿಲ್ಲ.

ಅದೇ ಕಾಲದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಏನು ನಡೆಯುತ್ತಿತ್ತೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಗೆ ಪಾತ್ರರಾದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಒಟ್ಟಿಗೆ ಬಡಿಸಿದರು. ಪುಟ್ಟರಾಜರು ಸ್ವತಃ ಹಾರ್ಮೋನಿಯಂ, ಸಾರಂಗಿ, ತಬಲಾ ಮೊದಲಾದ ಹಲವು ವಾದ್ಯಗಳಲ್ಲಿ ಪಳಗಿದವರು. ಆ ಆಶ್ರಮದಲ್ಲಿ ಕಲಿತವರು ಹಳ್ಳಿ ಹಳ್ಳಿಯ ಮಠಗಳಿಗೆ ಹೋಗಿ ಪ್ರವಚನದ ಮಗ್ಗುಲಲ್ಲಿ ಪೇಟಿ ಇಟ್ಟು ಹಾಡಿದರು. ಬೆಳಗಾವಿಯಲ್ಲಿ ರಾಮಭಾವು ಬಿಜಾಪುರೆಯವರು (೧೯೧೭–೨೦೧೦) ಹಾರ್ಮೋನಿಯಂನ್ನೇ ಜೀವನದ ಸಾಧನೆಯಾಗಿಸಿಕೊಂಡರು. ಪರದೇಶದ ಪೆಟ್ಟಿಗೆ ನಮ್ಮದಾದದ್ದು ಹೀಗೆ. ಕೀಬೋರ್ಡಿಗೆ ಆ ಭಾಗ್ಯ ಬರುತ್ತದೋ ಇಲ್ಲವೋ, ಹುಟ್ಟಿದ ಊರನ್ನು ಕೇಳಿ ಅದನ್ನು ಹೊರಗೆ ನಿಲ್ಲಿಸುವುದು ಶರಣರ ಮನೆಯವರಿಗೆ ತಕ್ಕುದಲ್ಲವೆಂದೆವು. ಹಿರಿಯರು ನಕ್ಕು ಚಹಾ ಕುಡಿದು ಹೋದರು. ಒಪ್ಪಿದರೆಂದು ಹೇಳಲಾರೆವು.

ಆಕಾಶವಾಣಿಯವರ ಆಕ್ಷೇಪದಲ್ಲಿ ಒಂದು ಸತ್ಯವಿತ್ತು, ಅದು ಕೀಬೋರ್ಡಿಗೂ ಅನ್ವಯಿಸುತ್ತದೆ. ಎರಡೂ ವಾದ್ಯಗಳು ಸಾಮಾನ್ಯವಾಗಿ ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಕತ್ತರಿಸುತ್ತವೆ. ತಂಬೂರಿಯ ತಂತಿಯಿಂದ ಸಹಜವಾಗಿ ಹೊಮ್ಮುವ ಗಾಂಧಾರ ಹಾಗಿರುವುದಿಲ್ಲ. ಸಪ್ತಕವನ್ನು ೧೨೦೦ ಸೆಂಟುಗಳೆಂದು ಎಣಿಸಿದರೆ ಸಹಜ ಶುದ್ಧ ಗಾಂಧಾರ ನಿಲ್ಲುವುದು ೩೮೬ರಲ್ಲಿ, ವಾದ್ಯದ ಗಾಂಧಾರ ೪೦೦ರಲ್ಲಿ. ಪಂಚಮದಲ್ಲಿ ವ್ಯತ್ಯಾಸ ಕೇವಲ ಎರಡು ಸೆಂಟು, ಅದು ಕಿವಿಗೆ ತಾಗದು. ಗಾಂಧಾರದ ಹದಿನಾಲ್ಕು ಸೆಂಟು ಪಳಗಿದ ಕಿವಿಗೆ ತಾಗುತ್ತದೆ. ಇದಲ್ಲದೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಮನೆಗಳ ಮೇಲೆ ಬಾರದು. ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨) ವಚನ ಹಾಡಿದ ಧ್ವನಿಮುದ್ರಿಕೆಗಳನ್ನು ಕೇಳಿದವರಿಗೆ ಇದು ಗೊತ್ತು. ಅಲ್ಲಿ ಒಂದು ಶಬ್ದ ಇನ್ನೊಂದಕ್ಕೆ ಹಾಯುವ ನಡುವಿನ ಜಾಗದಲ್ಲಿಯೇ ಭಕ್ತಿ ಕುಳಿತಿದೆ. ಆ ಜಾಗದಲ್ಲಿ ಕೀಬೋರ್ಡಿಗೆ ಮನೆಯೇ ಇಲ್ಲ. ಆದ್ದರಿಂದ ಮಗುವಿಗೆ ನಾವು ಹಾಕಿಕೊಟ್ಟ ನಿಯಮವಿಷ್ಟೇ: ಮೊದಲು ವಾದ್ಯದ ಜೊತೆಗೆ ವಚನ ಕಲಿ, ಕಲಿತ ಮೇಲೆ ಕೈ ತೆಗೆದು ಬರಿಯ ಷಡ್ಜ ಪಂಚಮಗಳ ಮೇಲೆ ಹಾಡು. ಒಂದು ದಿನ ಹೀಗೆ ಹಾಡಿ ಮುಗಿಸಿ, “ಮುತ್ಯಾ, ಪೆಟಗಿ ಬಿಟ್ರ ನನ್ನ ದನಿ ನನಗ ಕೇಳಸ್ತದ” ಎಂದಳು.

ತಾಳದ ಗುಂಡಿಯ ವಿಷಯದಲ್ಲಿ ಮಾತ್ರ ನಾವು ಕಠೋರರು. ಈ ವಾದ್ಯಗಳಲ್ಲಿ ನೂರಾರು ಬಗೆಯ ತಾಳಗಳು ತಾವಾಗಿಯೇ ಬಡಿದುಕೊಳ್ಳುತ್ತವೆ. ಮದುವೆಯ ವಾದ್ಯಮೇಳಕ್ಕೆ ಅದು ಅನುಕೂಲ. ವಚನದ ಪ್ರಕೃತಿಯೇ ಬೇರೆ. ಅದರ ಸಾಲುಗಳು ಸಮನಾಗಿಲ್ಲ. ಒಂದು ಸಾಲು ಮೂರು ಶಬ್ದದಲ್ಲಿ ಮುಗಿದರೆ ಮತ್ತೊಂದು ಒಂಬತ್ತಕ್ಕೆ ಹರಿಯುತ್ತದೆ. ಬಲ್ಲ ಗಾಯಕ ತಬಲಾದವನ ಕಣ್ಣು ನೋಡಿ ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಯಂತ್ರಕ್ಕೆ ಕಣ್ಣಿಲ್ಲ. ಅದರ ಹಿಂದೆ ಓಡುವ ಮಗು ಅರ್ಥವನ್ನು ನುಂಗಿ ಮಾತ್ರೆಯನ್ನು ಉಳಿಸುತ್ತದೆ, ಅಂಕಿತನಾಮ ಬರುವ ಹೊತ್ತಿಗೆ ಏದುಸಿರು. ಈಚೆಗೆ ಕೆಲವು ಸ್ಪರ್ಧೆಗಳಲ್ಲಿ ಇಂಥ ಗಾಯನಕ್ಕೆ ಬಹುಮಾನವೂ ದೊರೆಯುತ್ತಿರುವುದು ವಿಷಾದದ ಸಂಗತಿ. ಕೈಯಿಂದ ತಾಳ ಹಾಕಿಕೊಂಡು ಹಾಡಲು ಬಂದ ಮೇಲೆ, ಬೇಕಿದ್ದರೆ ಆ ಗುಂಡಿಯನ್ನು ಮೆಟ್ರೋನೋಮಿನಂತೆ, ಅಂದರೆ ಬರಿಯ ಟಿಕ್ ಟಿಕ್ ಸದ್ದಿಗಾಗಿ ಬಳಸಬಹುದು.

ಪೇಟಿಯನ್ನು ಬದಿಗಿಟ್ಟು ಕೀಬೋರ್ಡನ್ನು ಸೊಸೆ ಆರಿಸಿಕೊಂಡ ಕಾರಣವನ್ನು ಹೇಳುತ್ತೇವೆಂದಿದ್ದೆವು. ಪಟ್ಟಿ ಬದಲಿಸುವ ಅನುಕೂಲ ಒಂದು ಕಾರಣ. ಆಕೆಗೆ ಅದಕ್ಕಿಂತ ಮುಖ್ಯವಾದದ್ದು ವಾದ್ಯದ ಹಿಂಬದಿಯ ಸಣ್ಣ ರಂಧ್ರ. ಅದರಲ್ಲಿ ಹೆಡ್‌ಫೋನಿನ ತಂತಿ ಸಿಕ್ಕಿಸಿದರೆ ನಾದ ನುಡಿಸುವವರ ಕಿವಿಗೆ ಮಾತ್ರ ಕೇಳುತ್ತದೆ. ಒಟ್ಟುಕುಟುಂಬದಲ್ಲಿ ಸೊಸೆಗೆ ಸಿಗುವ ಬಿಡುವು ಎರಡೇ: ಮಧ್ಯಾಹ್ನ ಮನೆಯವರು ಒರಗಿದ ಹೊತ್ತು, ರಾತ್ರಿ ಎಲ್ಲರೂ ಮಲಗಿದ ಮೇಲೆ. ಆ ಹೊತ್ತಿನಲ್ಲಿ ಪೇಟಿ ತೆಗೆದರೆ ಇಡೀ ಮನೆ ಎದ್ದು ಕೂರುತ್ತದೆ. ಹದಿನಾರು ವರ್ಷ ತುಕ್ಕು ಹಿಡಿದ ಬೆರಳು ತಪ್ಪುವುದನ್ನು ನಾಲ್ಕು ಜನ ಕೇಳುವ ಸಂಕೋಚ ಬೇರೆ. ನಮಗೆ ರಾತ್ರಿ ನಿದ್ದೆ ಕಡಿಮೆ. ಎಷ್ಟೋ ಸಲ ನೀರಿಗೆಂದು ಎದ್ದಾಗ ಪಡಸಾಲೆಯ ಮೂಲೆಯಲ್ಲಿ ಸಣ್ಣ ದೀಪವಿಟ್ಟುಕೊಂಡು ಆಕೆ ನುಡಿಸುತ್ತಿರುವುದನ್ನು ಕಂಡಿದ್ದೇವೆ. ನಮಗೆ ಕೇಳುವುದು ಪ್ಲಾಸ್ಟಿಕ್ ಮನೆಗಳ ಟಕಟಕ ಸದ್ದು ಮಾತ್ರ. ಯಾವ ರಾಗವೆಂದು ತಿಳಿಯುವುದಿಲ್ಲ, ಮುಖ ನೋಡಿ ಊಹಿಸಬೇಕು. ನೀರು ಕುಡಿದು, ಕಂಡೂ ಕಾಣದವರಂತೆ ಒಳಗೆ ಬರುತ್ತೇವೆ.

ಕೊಳ್ಳುವವರು ಗಮನಿಸಬೇಕಾದ ಸಣ್ಣಪುಟ್ಟ ಸಂಗತಿಗಳು ಇನ್ನೂ ಕೆಲವಿವೆ. ಕೆಲವು ಮಾದರಿಗಳಿಗೆ ವಿದ್ಯುತ್ ಅಡಾಪ್ಟರ್ ಪ್ರತ್ಯೇಕ ಕೊಳ್ಳಬೇಕಾಗುತ್ತದೆ, ಬೆಲೆ ಚೌಕಾಸಿ ಮಾಡುವಾಗಲೇ ಕೇಳಿಕೊಳ್ಳುವುದು ಲೇಸು. ನಮ್ಮ ಭಾಗದಲ್ಲಿ ಕರೆಂಟು ಹೋಗುವುದು ಹೊಸತಲ್ಲವಾದ್ದರಿಂದ ಸೆಲ್ಲುಗಳಿಂದಲೂ ನಡೆಯುವ ಮಾದರಿಯೇ ಮೇಲು, ಸಾಮಾನ್ಯವ���ಗಿ ಗೋಡೆಗಡಿಯಾರಕ್ಕೆ ಹಾಕುವ ಗಾತ್ರದ ಆರು ಸೆಲ್ಲುಗಳು ಬೇಕಾಗುತ್ತವೆ. ಇನ್ನೊಬ್ಬರು ಬಳಸಿದ ವಾದ್ಯ ಅರ್ಧ ಬೆಲೆಗೆ ಸಿಕ್ಕರೆ ಕೊಳ್ಳಲಡ್ಡಿಯಿಲ್ಲ. ಆದರೆ ಎಡದಿಂದ ಬಲಕ್ಕೆ ಒಂದೊಂದು ಮನೆಯನ್ನೂ, ಕರಿ ಬಿಳಿ ಎರಡನ್ನೂ, ಮೆಲ್ಲಗೊಮ್ಮೆ ಜೋರಾಗಿ ಒಮ್ಮೆ ಒತ್ತಿ ನೋಡಬೇಕು. ಮನೆಗಳ ಕೆಳಗಿನ ರಬ್ಬರು ಸವೆದಿದ್ದರೆ ಅಲ್ಲಲ್ಲಿ ನಾದ ಬರುವುದಿಲ್ಲ, ಅದನ್ನು ಸರಿಪಡಿಸಲು ಕಲಬುರಗಿಗೋ ಹೈದರಾಬಾದಿಗೋ ಹೊತ್ತು ಒಯ್ಯಬೇಕಾದೀತು. ಮನೆಯ ಬಾಗಿಲಿಗೆ ತರಿಸಿಕೊಂಡರೆ ಕೆಲವೊಮ್ಮೆ ನೂರಿನ್ನೂರು ಕಡಿಮೆಯಾಗುತ್ತದೆ, ನಿಜ. ಅಂಗಡಿಯಲ್ಲಿ ಕುಳಿತು ಹತ್ತು ನಿಮಿಷ ಹಾಡಿ ನೋಡುವ ಅವಕಾಶಕ್ಕೆ ಅಷ್ಟು ಬೆಲೆ ಕೊಡಬಹುದೆಂದು ನಮ್ಮ ಎಣಿಕೆ. ನಮ್ಮ ಕೆಂಪು ಮಣ್ಣಿನ ಧೂಳು ವಾದ್ಯಕ್ಕೆ ದೊಡ್ಡ ವೈರಿ. ನುಡಿಸಿದ ಮೇಲೆ ಬಟ್ಟೆ ಮುಚ್ಚುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ಪಾಠದೊಂದಿಗೇ ಹೇಳಿಕೊಡಬೇಕು. ಸಂಗೀತ ಪರೀಕ್ಷೆಗೆ ಕೂರಿಸುವ ಯೋಚನೆಯಿರುವವರು ಯಾವ ವಾದ್ಯಕ್ಕೆ ಅನುಮತಿಯಿದೆಯೆಂದು ಗುರುಗಳನ್ನು ಕೇಳಿಯೇ ಮುಂದುವರಿಯಲಿ.

ನಮ್ಮ ಮನೆಗೆ ಬಂದದ್ದು ೬೧ ಮನೆಗಳ, ಸ್ಪರ್ಶಗುಣವಿಲ್ಲದ, ಪಟ್ಟಿ ಬದಲಿಸುವ ಅನುಕೂಲವುಳ್ಳ ವಾದ್ಯ. ಅಡಾಪ್ಟರು ಸೇರಿ ₹೯,೨೦೦ ಆಯಿತು. ಹೆಡ್‌ಫೋನು ಮನೆಯಲ್ಲಿಯೇ ಇತ್ತು. ಕಬ್ಬಿಣದ ಸ್ಟ್ಯಾಂಡಿಗೆ ಸಾವಿರದ ಮೇಲೆ ಹೇಳಿದರು, ಅದನ್ನು ಬಿಟ್ಟು ಇಲ್ಲಿಯ ಬಡಗಿಯೊಬ್ಬರಿಂದ ನೆಲದ ಮೇಲೆ ಕುಳಿತು ನುಡಿಸುವಷ್ಟು ಎತ್ತರದ ಮಣೆ ಮಾಡಿಸಿದೆವು. ವಚನ ಹಾಡಲು ಕುರ್ಚಿಯೇಕೆ? ಉಳಿದ ಹಣವನ್ನು ಸೊಸೆ ತವರಿನ ಪೇಟಿಯ ದುರಸ್ತಿಗೆಂದು ಬೇರೆ ಡಬ್ಬಿಯಲ್ಲಿಟ್ಟಿದ್ದಾಳೆ. ಪ್ರತಿ ಕುಪ್ಪಸದ ಕೂಲಿಯಿಂದ ಹತ್ತು ಹತ್ತು ರೂಪಾಯಿ ಅದಕ್ಕೆ ಸೇರುತ್ತಿದೆ.

ಅಕ್ಕನ ಬಳಗದ ಪ್ರಾರ್ಥನೆ ಈಗ ಪ್ರತಿ ಸೋಮವಾರ ನಮ್ಮ ಪಡಸಾಲೆಯಲ್ಲಿಯೇ ನಡೆಯುತ್ತದೆ. ಮೊದಲ ಎರಡು ವಾರ ಸೊಸೆ ಒಬ್ಬೊಬ್ಬರನ್ನೂ ಕೂರಿಸಿಕೊಂಡು, ಅವರವರ ಕಂಠಕ್ಕೆ ಯಾವ ಷಡ್ಜ ಹೊಂದುತ್ತದೆಂದು ಸಂಖ್ಯೆ ಬದಲಿಸುತ್ತ ನೋಡಿದಳು. ಎಲ್ಲರೂ ಕೂಡಿ ಹಾಡುವಾಗ ಮೈನಸ್ ಆರು, ಅಂದರೆ ಕಾಳಿ ಮೂರು, ಬಹುಮಂದಿಗೆ ಮುಟ್ಟುತ್ತದೆಂದು ಗೊತ್ತಾಯಿತು. ಒಬ್ಬೊಬ್ಬರೇ ಹಾಡುವ ವಚನಗಳಿಗೆ ಅವರವರ ಸಂಖ್ಯೆ. ಎಪ್ಪತ್ತು ದಾಟಿದ ಒಬ್ಬ ತಾಯಿ ತಮಗೆ ದನಿಯೇ ಇಲ್ಲವೆಂದು ವರ್ಷಗಳಿಂದ ಬಾಗಿಲ ಬಳಿ ಕುಳಿತು ತಾಳ ಮಾತ್ರ ಹಾಕುತ್ತಿದ್ದರು. ಅವರಿಗೆ ಪಾಂಢರಿ ನಾಲ್ಕು, ಮೈನಸ್ ಏಳು ಸರಿಹೊಂದಿತು. ಬಳಗದ ವಚನ ಪುಸ್ತಕದ ಹಿಂದಿನ ಹಾಳೆಯಲ್ಲಿ ಎಲ್ಲರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆದಿದೆ. ಸೋಮವಾರ ಸಂಜೆ ನಮ್ಮ ಮೊಮ್ಮಗಳು ಆ ಹಾಳೆ ತೆರೆದಿಟ್ಟುಕೊಂಡು, ಹಾಡುವವರ ಸರದಿ ಬಂದಂತೆ ಗುಂಡಿ ಒತ್ತುವ ಕಾಯಕದಲ್ಲಿರುತ್ತಾಳೆ.